ಲಗ್ನಪತ್ರಿಕೆಗಳ ಹಿಂಬದಿ

ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಯಾರೂ ನಡೆದಾಡುವಂತಿರಲಿಲ್ಲ. ತುಮಕೂರಿನ ಸೋಮೇಶ್ವರಪುರಂನ ಆ ಬಾಡಿಗೆ ಮನೆಯಲ್ಲಿ ಇದ್ದದ್ದೇ ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಊಟವಾದ ಮೇಲೆ ಅಮ್ಮ ಕೆಂಪು ನೆಲವನ್ನು ಒರೆಸಿ, ಒಣಗುವ ತನಕ ಬಾಗಿಲಲ್ಲಿ ನಿಂತು ಕಾದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬದಿಂದ ಕಾರ್ಡುಗಳನ್ನು ತೆಗೆದು ಸಾಲುಸಾಲಾಗಿ ಹಾಸುತ್ತಿದ್ದಳು. ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದವರು ಗೋಡೆಗೆ ಬೆನ್ನು ಹಚ್ಚಿಕೊಂಡು ಅಡ್ಡಡ್ಡ ಸರಿಯಬೇಕು. ಅಪ್ಪ ಹಾಗೆ ಸರಿಯುವಾಗ ಗಾಳಿಗೆ ಕಾರ್ಡು ಹಾರೀತೆಂದು ಪಂಚೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿರಲಿಲ್ಲ. ಅಮ್ಮ ಸಾಲುಗಳ ನಡುವೆ ತುದಿಗಾಲಲ್ಲಿ ಓಡಾಡುತ್ತ, ಬಾಗಿ ಒಂದು ಕಾರ್ಡನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಇಟ್ಟು, ಹಿಂದೆ ಸರಿದು ನೋಡಿ, ಮತ್ತೆ ಮೊದಲಿನ ಜಾಗಕ್ಕೇ ತರುತ್ತಿದ್ದಳು. ನೋಡುವವರಿಗೆ ದೊಡ್ಡ ಹೆಂಗಸೊಬ್ಬಳು ಕುಂಟೆಬಿಲ್ಲೆ ಆಡುತ್ತಿರುವ ಹಾಗೆ ಕಾಣುತ್ತಿತ್ತು.

ಅಮ್ಮ ಲಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ದೇಶದೇಶಗಳ ನಡುವಿನ ವ್ಯಾಪಾರದ ಕಾನೂನು, ಅದರಿಂದ ನೆಲಕ್ಕೂ ನೀರಿಗೂ ಆಗುವ ಒಳಿತು ಕೆಡಕು, ಇದು ಅವಳ ಪಿಎಚ್.ಡಿ. ವಿಷಯ. ಆ ಕಾಲದ ತುಮಕೂರಿನಲ್ಲಿ ಇದನ್ನು ಯಾರಿಗೆ ಹೇಳಿದರೂ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಪುಸ್ತಕಗಳು ಊರಲ್ಲಿ ಸಿಗುತ್ತಿರಲಿಲ್ಲ. ರಜಾದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಲೈಬ್ರರಿಯಲ್ಲಿ ಕೂತು ಬರೆದುಕೊಂಡು, ಸಂಜೆ ಬೆರಳಿಗೆಲ್ಲ ಇಂಕು ಹತ್ತಿಸಿಕೊಂಡು ಬರುತ್ತಿದ್ದಳು. ಬರೆದುಕೊಳ್ಳುತ್ತಿದ್ದದ್ದು ಲಗ್ನಪತ್ರಿಕೆಗಳ ಹಿಂಬದಿಯಲ್ಲಿ. ನಮ್ಮ ಮನೆಗೆ ಬಂದವು, ಗುಬ್ಬಿಯಲ್ಲಿ ಅಪ್ಪ ಪಾಠ ಹೇಳುತ್ತಿದ್ದ ಹೈಸ್ಕೂಲಿಗೆ ಬಂದವು, ಬೀದಿಯವರ ಮನೆಗೆ ಬಂದವು, ಎಲ್ಲವನ್ನೂ ಕೇಳಿ ತಂದು ಒಂದೇ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಪ್ರತಿ ಕಾರ್ಡಿಗೂ ಎರಡು ಬಾಳು. ಒಂದು ಬದಿಯಲ್ಲಿ ಗಣಪತಿ, ಅರಿಶಿನ ಸವರಿದ ಮೂಲೆ, ಅರ್ಧಕ್ಕೆ ತುಂಡಾದ ಮದುಮಗನ ಹೆಸರು. ಇನ್ನೊಂದು ಬದಿಯಲ್ಲಿ, ಕಡಲಾಮೆ ಸಾಯುವಂಥ ಬಲೆಯಲ್ಲಿ ಹಿಡಿದ ಸೀಗಡಿಯನ್ನು ಒಂದು ದೇಶ ಬೇಡವೆನ್ನಬಹುದೇ ಎಂಬ ತಕರಾರು. ಎಡಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ತಲೆಬರಹ. ನಂಬರು ಮಾತ್ರ ಇಲ್ಲ. ನಂಬರು ಹಾಕಿದರೆ ಯೋಚನೆ ಅಲ್ಲೇ ನಿಂತುಹೋಗುತ್ತದೆ ಎನ್ನುತ್ತಿದ್ದಳು. ಯಾವ ಕಾರ್ಡಿನ ಪಕ್ಕ ಯಾವುದು ಎಂಬುದೇ ಅವಳ ವಾದ. ಸಂಜೆ ಅದೇ ಕ್ರಮದಲ್ಲಿ ಎತ್ತಿ, ನನ್ನ ಸ್ಕೂಲಿನ ಹಳೇ ನೀಲಿ ರಿಬ್ಬನ್ನು ಕಟ್ಟಿ, ಡಬ್ಬಕ್ಕೆ ಇಳಿಸುತ್ತಿದ್ದಳು.

ಇದೆಲ್ಲ ನಡೆಯುತ್ತಿದ್ದದ್ದು ಅಜ್ಜಿಯ ದೆಸೆಯಿಂದ. ಅಜ್ಜಿ ಅಂದರೆ ಅಪ್ಪನ ತಾಯಿ. ನಾನು ಹುಟ್ಟಿದ ವರ್ಷ ಬಾಣಂತನಕ್ಕೆಂದು ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ಬಂದವಳು ಹಾಗೇ ಉಳಿದುಬಿಟ್ಟಿದ್ದಳು. ಅಡುಗೆಮನೆ ಪೂರಾ ಅವಳದು. ಬೆಳಿಗ್ಗೆ ಮಿಂದು, ಈಬತ್ತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಒಲೆ ಹಚ್ಚುವುದು. ಬೇರೆಯವರ ಮನೆಯಲ್ಲಿ ಏನು ಕೊಟ್ಟರೂ ಯಾರು ಮಾಡಿದ್ದು, ಮಿಂದು ಮಾಡಿದ್ದೋ ಹಾಗೇ ಮಾಡಿದ್ದೋ ಎಂದು ಕೇಳದೆ ಬಾಯಿಗೆ ಇಡುತ್ತಿರಲಿಲ್ಲ. ಭಾನುವಾರ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಅಮ್ಮನ ಓಡಾಟ ನೋಡುತ್ತಿದ್ದಳು. ಒಂದು ಸಲ ಕೇಳಿಯೇಬಿಟ್ಟಳು:

"ಅದೇನ್ ಬರೀತಿಯೇ ಗಿರಿಜಾ ಅಷ್ಟೊಂದು? ನಂಗೂ ಸ್ವಲ್ಪ ಹೇಳು."

"ಎರಡು ತೆಂಗಿನಕಾಯಿ ಇದೆ ಅಂದ್ಕೊಳ್ಳಿ ಅತ್ತೆ. ನೋಡೋಕೆ ಒಂದೇ ಥರ, ರುಚೀನೂ ಒಂದೇ. ಒಂದು ಒಳ್ಳೆ ತೋಟದ್ದು. ಇನ್ನೊಂದರ ತೋಟದವನು ಸುತ್ತಮುತ್ತಲ ಬಾವಿ ನೀರೆಲ್ಲ ಕೆಡಿಸಿದಾನೆ. ಕೊಳ್ಳೋ ದೇಶ ಎರಡನೇದು ಬೇಡ ಅನ್ನಬಹುದಾ?"

"ಯಾಕನ್ಬಾರ್ದು? ಕಾಸು ಅವರ್ದು."

"ಕಾಯಿ ನೋಡಿ, ತೋಟದ ವಿಚಾರ ಕೇಳಬೇಡಿ ಅನ್ನುತ್ತೆ ಕಾನೂನು."

"ಅದ್ನ ಬರ್ದೋನ್ಗೆ ತಾಯಿ ಇರ್ಲಿಲ್ವಾ? ನೋಡಾಕ್ ಒಂದೇ ಥರ ಇರ್ತದೆ ಅಂತ ಮೈಲಿಗೇಲಿ ಮಾಡಿದ್ ಅಡ್ಗೆ ನಾನ್ ಉಣ್ತೀನಾ?"

"ನಿಮ್ಮನ್ನ ಜಿನೀವಾಕ್ಕೆ ಕಳಿಸಬೇಕು ಅತ್ತೆ. ಈ ಜಗಳ ಎಲ್ಲ ತೀರ್ಮಾನ ಆಗೋದು ಅಲ್ಲೇ."

"ಅಲ್ಲಿ ಮುದ್ದೆ ಸಿಗ್ತದಾ?" ಎಂದು ಕೇಳಿದ ಅಜ್ಜಿ, ಮತ್ತೆರಡು ಅವರೆಕಾಯಿ ಸುಲಿದು, "ಆದ್ರೂ ಗಿರಿಜಾ, ಅವ್ರು ಬ್ಯಾಡ ಅಂದ್ಬುಟ್ರೆ ಆ ತೋಟದಲ್ಲಿ ಕೂಲಿ ಮಾಡೋರು ಏನ್ ಉಣ್ತಾರೆ?" ಎಂದಳು.

ಅಮ್ಮ ನಗುವುದನ್ನು ನಿಲ್ಲಿಸಿ ಒಂದು ಕಾರ್ಡು ತೆಗೆದು ಆ ಮಾತನ್ನು ಬರೆದುಕೊಂಡಳು.

ಅವರಿಬ್ಬರಿಗೂ ಜಗಳವೇ ಇರಲಿಲ್ಲ ಎಂದಲ್ಲ. ದೇವರ ಪಟವಿರುವ ಕಾರ್ಡುಗಳನ್ನು ನೆಲಕ್ಕೆ ಹಾಕಿ ಅವುಗಳ ಮಧ್ಯೆ ಕಾಲಾಡಿಸುವುದು ಅಜ್ಜಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ಭಾನುವಾರ ಅಮ್ಮ ಯಾರೋ ಬಂದರೆಂದು ಹೊರಗೆ ಹೋದಾಗ, ಅಜ್ಜಿ ಗಣಪತಿ ಇದ್ದವನ್ನೆಲ್ಲ ಒಂದೊಂದಾಗಿ ಎತ್ತಿ, ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದಳು. ಅವನ್ನು ಮತ್ತೆ ಜೋಡಿಸಲು ಅಮ್ಮನಿಗೆ ಎರಡು ವಾರ ಹಿಡಿಯಿತು. ಇನ್ನು ಇವನ್ನು ಮುಟ್ಟಬೇಡಿ ಎಂದು ಅಮ್ಮ ಮತ್ತೆ ಮತ್ತೆ ಹೇಳಿದಳು. ಆವತ್ತು ಊಟ ಮಾಡಲಿಲ್ಲ. ಆಮೇಲೆ ಅಜ್ಜಿ ಡಬ್ಬದ ಹತ್ತಿರ ಸುಳಿಯಲೂ ಇಲ್ಲ. ನೆಲ ಸಾರಿಸುವಾಗಲೂ ಅದರ ಸುತ್ತ ಒಂದು ಗೇಣು ಜಾಗ ಬಿಡುತ್ತಿದ್ದಳು.

ಪಿಎಚ್.ಡಿ.ಗೆ ಸೇರಿ ಏಳು ವರ್ಷವಾಗಿತ್ತು. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಿದ್ದಾಗಿತ್ತು. ಮೈಸೂರಿನ ಗೈಡ್ ಈ ಸಲ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು ಎಂದು ಬರೆದಿದ್ದರು. ಮೊದಲ ಮೂರು ಅಧ್ಯಾಯ ಟೈಪಾಗಿದ್ದವು. ಅವು ಬೇರೆಯವರ ತೀರ್ಪುಗಳ ವಿಚಾರ. ನಾಲ್ಕನೆಯದು ಅಮ್ಮನದೇ. ಗುಬ್ಬಿಯ ಸುತ್ತಮುತ್ತ ತೆಂಗಿನ ನಾರು ತೆಗೆಯುವ ಕಾರ್ಖಾನೆಗಳಿಗೆ ಹೋಗಿ, ಮಟ್ಟೆ ನೆನೆಸಿದ ಕಂದು ನೀರು ಯಾವ ಯಾವ ಬಾವಿಗೆ ಇಳಿಯುತ್ತದೆ ಎಂದು ನೋಡಿ, ಅಲ್ಲಿ ಕೆಲಸ ಮಾಡುವ ಹೆಂಗಸರ ಮಾತು ಬರೆದುಕೊಂಡು ಬಂದಿದ್ದಳು. ಆ ನಾರಿನ ಚಾಪೆ ಕೊಳ್ಳುವ ದೇಶ ನೀರಿನ ಬಗ್ಗೆ ಕೇಳಲೇಬೇಕು, ಆದರೆ ಕೇಳಿದ ಮೇಲೆ ಬಾಗಿಲು ಹಾಕಿಕೊಳ್ಳಬಾರದು. ಆ ಎರಡರ ನಡುವಿನ ದಾರಿ ಎಲ್ಲಿದೆ ಎಂಬುದೇ ಆ ಅಧ್ಯಾಯ. ಅದು ಬೇರೆಲ್ಲೂ ಇರಲಿಲ್ಲ. ಡಬ್ಬದಲ್ಲಿ, ಆ ಕ್ರಮದಲ್ಲಿ ಮಾತ್ರ ಇತ್ತು. ಕೊಡುವುದಕ್ಕೆ ಇಪ್ಪತ್ತು ದಿನ ಇದೆ ಎನ್ನುವಾಗ ಅಮ್ಮ ಗೈಡನ್ನು ನೋಡಲು ಎರಡು ದಿನಕ್ಕೆ ಮೈಸೂರಿಗೆ ಹೋದಳು.

ನಾನು ಆಗ ಕಾನ್ವೆಂಟಿನಲ್ಲಿ ಏಳನೇ ಕ್ಲಾಸು. ಆ ವರ್ಷ ನನ್ನನ್ನು ಲೈಬ್ರರಿ ಮಾನಿಟರ್ ಮಾಡಿದ್ದರು. ಸಿಸ್ಟರ್ ಕಾರ್ಡುಗಳನ್ನು ಎ, ಬಿ, ಸಿ ಕ್ರಮದಲ್ಲಿ ಜೋಡಿಸುವುದನ್ನು ಕಲಿಸಿ, ನನ್ನ ಡ್ರಾಯರನ್ನು ಎಲ್ಲ ಹುಡುಗಿಯರಿಗೂ ತೋರಿಸಿ, ಕೆಲಸ ಅಂದರೆ ಹೀಗಿರಬೇಕು ಎಂದಿದ್ದರು. ಆಗ ಕಾನ್ವೆಂಟಿಗೆ ಕ್ರಿಸ್‌ಮಸ್ ರಜೆ. ಅಮ್ಮ ಹೋದ ದಿನ ಮಧ್ಯಾಹ್ನ ನಾನು ಡಬ್ಬ ತೆಗೆದೆ. ಅಜ್ಜಿ ಎರಡು ದಿನವೂ ಹಿತ್ತಲಲ್ಲಿ ಸಂಡಿಗೆ ಕಾಯುತ್ತಿದ್ದಳು. ರಿಬ್ಬನ್ನು ಬಿಚ್ಚಿದಾಗ ಸಿ ಕಾರ್ಡಿನ ಪಕ್ಕ ಡಬ್ಲ್ಯು, ಅದರ ಪಕ್ಕ ಎ ಇದ್ದದ್ದು ಕಂಡು ಪಾಪ ಅಮ್ಮ ಎಷ್ಟು ಕಷ್ಟಪಡುತ್ತಿದ್ದಾಳೆ ಅನ್ನಿಸಿತು. ಅವಳಿಗೆ ಬೇಕಾದದ್ದು ತಕ್ಷಣ ಸಿಗಲಿ ಎಂದು, ಕೈ ತೊಳೆದು ಬಂದು, ಎರಡು ದಿನ ಕೂತು, ಅಷ್ಟನ್ನೂ ಜೋಡಿಸಿದೆ. ನಾರಿನ ಕೆಲಸದ ಹೆಂಗಸರ ಕಾರ್ಡುಗಳಿಗೆ ಅವರವರ ಹೆಸರೇ ತಲೆಬರಹ. ಲಕ್ಷ್ಮಮ್ಮ ಎಲ್‌ಗೆ ಹೋದಳು, ಜಯಮ್ಮ ಜೆಗೆ. ಮುಗಿಸಿ ರಿಬ್ಬನ್ನಿನಲ್ಲಿ ಚೆಂದದ ಹೂವಿನ ಗಂಟು ಹಾಕಿದೆ. ಅಮ್ಮ ನೋಡಿದಾಗ ಅವಳ ಮುಖ ಹೇಗಾಗಬಹುದೆಂದು ನೆನೆಸಿಕೊಂಡು ಎರಡು ದಿನವೂ ಒಳಗೇ ನಗುತ್ತಿದ್ದೆ.

ಅಮ್ಮ ಬಂದದ್ದು ಮೂರನೇ ದಿನ ಮಧ್ಯಾಹ್ನ. ಕಾಲು ತೊಳೆದು ನೇರ ಡಬ್ಬದ ಮುಂದೆ ಕೂತಳು. ಮೇಲಿನ ಹತ್ತು ಹನ್ನೆರಡು ಕಾರ್ಡು ತಿರುವಿದಳು. ನಡುವಿನಿಂದ ಒಂದಷ್ಟು ಎತ್ತಿ ನೋಡಿದಳು. ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಅತ್ತೆ, ಇದನ್ನ ಮುಟ್ಟಿದ್ರಾ?"

"ನಾನ್ಯಾಕ್ ಮುಟ್ಲವ್ವ?" ಅಜ್ಜಿ ಸಾರು ಕಲಕುತ್ತಿದ್ದ ಸೌಟು ಹಿಡಿದೇ ಹೊಸ್ತಿಲಿಗೆ ಬಂದಳು.

"ಹಿಂದೆ ದೇವರ ಪಟ ಅಂತ ಎತ್ತಿಟ್ಟಿದ್ದು ಯಾರು? ಬೇಡ ಅಂತ ಎಷ್ಟು ಸಲ ಹೇಳಿದ್ದೆ ನಾನು?"

"ಆವತ್ತಿಂದ ಅದ್ರ ತಾವ ಹೋಗಿದ್ರೆ ಕೇಳು."

"ಇನ್ನು ಹದಿನೆಂಟು ದಿನ ಇದೆ ಅತ್ತೆ. ಏಳು ವರ್ಷದ್ದು ಹಾಳು ಮಾಡಿದ್ರಲ್ಲ. ನಾನು ಓದೋದು ನಿಮಗೆ ಬೇಕಿರಲಿಲ್ಲ, ಅದನ್ನ ಬಾಯಿಬಿಟ್ಟು ಹೇಳಬಹುದಿತ್ತು. ನಾನಿಲ್ಲದಾಗ ಹೀಗೆ ಮಾಡಬಾರದಿತ್ತು."

ಎದುರು ಮನೆಯವರು ಕಾಫಿಪುಡಿ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಅವರನ್ನು ನೋಡಿದಳು, ಅಮ್ಮನನ್ನು ನೋಡಿದಳು. ನಾನು ಬಾಯಿ ತೆರೆಯಬೇಕಿತ್ತು.  ಒಳ್ಳೆಯ ಕೆಲಸವೆಂದು ಎರಡು ದಿನ ಕೂತು ಮಾಡಿದ್ದನ್ನೇ ಅಮ್ಮ ಹಾಳು ಎನ್ನುತ್ತಿದ್ದಾಳೆ ಎಂದು ಒಪ್ಪಿಕೊಳ್ಳಲು ನನಗೆ ಹೊತ್ತು ಬೇಕಾಯಿತು. ಆ ಹೊತ್ತಿನಲ್ಲೇ ಎಲ್ಲ ಮುಗಿಯಿತು.

"ಆಯ್ತು ಬುಡು," ಎಂದಳು ಅಜ್ಜಿ. ಒಳಗೆ ಹೋಗಿ ಒಲೆ ಆರಿಸಿದಳು. ಸಾರಿಗೆ ತಟ್ಟೆ ಮುಚ್ಚಿದಳು. ಎದುರು ಮನೆಯವರಿಗೆ ಕಾಫಿಪುಡಿ ಅಳೆದು ಕೊಟ್ಟಳು. ತನ್ನ ಎರಡು ಸೀರೆ, ಈಬತ್ತಿಯ ಗಟ್ಟಿ ಚೀಲಕ್ಕೆ ಹಾಕಿಕೊಂಡು, ಹೊರಡುವಾಗ ನನಗೆ ಮಾತ್ರ ಕೇಳುವಂತೆ, "ಹಾಲಿಗೆ ಹೆಪ್ಪು ಹಾಕಿವ್ನಿ, ಅಲ್ಲಾಡಿಸ್ಬ್ಯಾಡ ಮಗ," ಎಂದು ಗುಬ್ಬಿಯ ಬಸ್ಸಿಗೆ ನಡೆದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಅಷ್ಟೂ ಕಾರ್ಡುಗಳನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದಳು. ಎ ಕಾರ್ಡುಗಳ ನಡುವೆ ಒಂದರಲ್ಲಿ ಅವಳ ಕೈ ನಿಂತಿತು. ಅದರ ತಲೆಬರಹ ಇಂಗ್ಲಿಷ್ ಅಕ್ಷರದಲ್ಲಿ "ಅತ್ತೆ" ಎಂದು. ಕೆಳಗೆ ಕೂಲಿಯವರು ಏನು ಉಣ್ಣುತ್ತಾರೆ ಎಂಬ ಮಾತು. ಅದರ ಹಿಂದಿನದೂ ಎ, ಮುಂದಿನದೂ ಎ, ಆಮೇಲೆ ಬಿ. ಅಜ್ಜಿಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ. ಅಮ್ಮ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು:

"ಅತ್ತೆ ಊಟ ಮಾಡ್ಕೊಂಡು ಹೋದ್ರಾ?"

"ಇಲ್ಲ."

ಅಮ್ಮ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದಳು. ಗುಬ್ಬಿಯಿಂದ ರೈಲಿನಲ್ಲಿ ಬಂದ ಅಪ್ಪ ಚಪ್ಪಲಿ ಬಿಡುತ್ತ, ಅವ್ವ ಎಲ್ಲಿ ಎಂದು ಕೇಳಿದಾಗಲೂ ಅವಳು ಅಲ್ಲಿಂದ ಏಳಲಿಲ್ಲ. ನಾನೇ ಹೇಳಿದೆ. ಹೇಳಿ ಮುಗಿಸುವವರೆಗೂ ಅಪ್ಪ ಒಂದೇ ಚಪ್ಪಲಿಯಲ್ಲಿ ನಿಂತಿದ್ದರು.

 ಆಮೇಲೆ ನಡುಮನೆಯಲ್ಲಿ ಕಾರ್ಡುಗಳು ಹಗಲೂ ರಾತ್ರಿಯೂ ಹರಡಿಯೇ ಇದ್ದವು. ಅಮ್ಮ ಕಾಲೇಜಿಗೆ ರಜೆ ಹಾಕಿದಳು. ನನ್ನ ಕೆಲಸ ಒಂದೊಂದು ಕಾರ್ಡನ್ನು ಎತ್ತಿ ಓದುವುದು. ಅಮ್ಮ ಕಣ್ಣು ಮುಚ್ಚಿ ಕೇಳಿ, "ಇದು ಯಾವುದರ ಪಕ್ಕ ಇತ್ತು?" ಎಂದು ತನ್ನನ್ನೇ ಕೇಳಿಕೊಳ್ಳುವಳು. ಕೆಲವು ಥಟ್ಟನೆ ಹೊಳೆಯುತ್ತಿದ್ದವು. ಎಷ್ಟೋ ಹೊಳೆಯುತ್ತಿರಲಿಲ್ಲ. ಬಾವಿ ನೀರಿಗೆ ಅಕ್ಕಿ ಕೆಂಪಗಾಗುತ್ತದೆ ಎಂದ ಲಕ್ಷ್ಮಮ್ಮನೇ, ಕಾರ್ಖಾನೆ ಮುಚ್ಚಬೇಡಿ ಎಂದೂ ಹೇಳಿದ್ದಳು. ಎರಡರಲ್ಲಿ ಯಾವುದು ಮೊದಲು, ನಡುವೆ ಏನಿತ್ತು, ಅದರಿಂದ ತಾನು ಎಲ್ಲಿಗೆ ಹೊರಟಿದ್ದೆ ಎಂಬುದು ಅಮ್ಮನಿಗೆ ತಿಳಿಯುತ್ತಿರಲಿಲ್ಲ. "ಇದನ್ನ ಯಾಕೆ ಬರ್ಕೊಂಡೆ ನಾನು?" ಎಂದು ಒಂದು ಕಾರ್ಡು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತದ್ದು ನೆನಪಿದೆ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆನೇನೋ. ಅಡುಗೆಮನೆ ನನ್ನ ಪಾಲಿಗೆ ಬಂತು. ಮುದ್ದೆ ಗಂಟುಗಂಟಾಯಿತು, ಹಾಲು ಉಕ್ಕಿ ಒಲೆ ಆರಿತು, ಹೆಪ್ಪು ಹುಳಿಯಾಗಿ ಕೊನೆಗೆ ಹೆಪ್ಪೇ ಇಲ್ಲವಾಯಿತು. ಅಪ್ಪ ಅದನ್ನೇ ಉಂಡು, ತಟ್ಟೆ ತೊಳೆದಿಟ್ಟು ರೈಲಿಗೆ ಹೋಗುತ್ತಿದ್ದರು. ಕುಣಿಗಲ್ ಕಡೆಯ ಅಮೃತೂರಿನಲ್ಲಿದ್ದ ಅಮ್ಮನ ತಾಯಿಯನ್ನು ಕರೆಸೋಣವೇ ಎಂದು ಅವರು ಒಮ್ಮೆ ಕೇಳಿದಾಗ ಅಮ್ಮ, "ಬೇಡ. ನಮ್ಮಮ್ಮ ಬಂದು ಆ ಒಲೆ ಮುಂದೆ ಕೂತರೆ ಅತ್ತೆ ಇನ್ನು ಈ ಹೊಸ್ತಿಲು ತುಳಿಯಲ್ಲ," ಎಂದಳು.

ಎರಡನೇ ಭಾನುವಾರ ಅಪ್ಪ ನನ್ನನ್ನು ಚೇಳೂರಿಗೆ ಕರೆದುಕೊಂಡು ಹೋದರು. ಅಜ್ಜಿ ದೊಡ್ಡಪ್ಪನ ಮನೆಯ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಮರೆತು, "ನಾನೇ ಅಜ್ಜಿ, ನಾನೇ," ಎಂದು ಅವಳ ಮಡಿಲಿಗೆ ಬಿದ್ದೆ.

"ಗೊತ್ತಾಯ್ತು ಬುಡು ಮಗ. ಅಚ್ಚುಕಟ್ಟಾಗಿ ಇಡಾಕ್ ಹೋದೆ. ಅದೇನ್ ತಪ್ಪಲ್ಲ ಕಣೆ."

"ಹಂಗಾದ್ರೆ ಬಾ, ಹೋಗೋಣ."

"ನನ್ನ ಅಂದೋಳು ನೀನಲ್ವಲ್ಲ." ಮೊರವನ್ನು ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿದಳು. "ನೋಡಪ್ಪ, ಬೀದಿಯೋರ ಮುಂದೆ ಅಂದ್ಲು. ನಂಗೇನ್ ಪಂಚಾಯ್ತಿ ಬ್ಯಾಡ. ಅವ್ಳೇ ಬಂದು, ಬನ್ನಿ ಅತ್ತೆ ಅಂತ ಒಂದ್ ಮಾತು ಕರೀಲಿ. ನಿಂತ ಕಾಲಲ್ಲೇ ಬತ್ತೀನಿ."

ಅಪ್ಪ ಬಂದು ಅದನ್ನು ಹಾಗೆಯೇ ಅಮ್ಮನಿಗೆ ಹೇಳಿದರು. ಅಮ್ಮ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಆ ಹೊತ್ತಿಗೆ ಅರ್ಧದಷ್ಟು ಸಾಲುಗಳು ಮೊದಲಿನ ಕ್ರಮಕ್ಕೆ ಬಂದಿದ್ದವು. ಎಂಟು ದಿನ ಉಳಿದಿತ್ತು.

"ಕೊಟ್ಟ ಮಾರನೇ ದಿನ ಹೋಗ್ತೀನಿ ರೀ. ಕಾಲಿಗೆ ಬೀಳ್ತೀನಿ."

"ಎಂಟು ದಿನ ಕಾಯಿಸ್ತೀಯಾ ಅವ್ವನ್ನ? ಒಂದು ಹಗಲಿನ ಮಾತು ಗಿರಿಜಾ."

"ಇದನ್ನ ಹೀಗೆ ಬಿಟ್ಟು ಹೋಗ್ಲಾ? ಒಂದು ಗಾಳಿ ಬೀಸಿದ್ರೆ ಸಾಕು, ಇನ್ನು ನನ್ನ ಕೈಲಿ ಆಗಲ್ಲ."

"ನಾನು ನೋಡ್ಕೊತೀನಿ ಅಮ್ಮ," ಎಂದೆ ನಾನು. "ಕಿಟಕಿ ಎಲ್ಲ ಹಾಕಿ ಇಲ್ಲೇ ಕೂತಿರ್ತೀನಿ. ಯಾರನ್ನೂ ಮುಟ್ಟಕ್ಕೆ ಬಿಡಲ್ಲ."

ಅಮ್ಮ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟ ಅಲ್ಲ. ನನ್ನ ಕೈಗಳನ್ನು ನೋಡಿ, ಮತ್ತೆ ಕಾರ್ಡುಗಳತ್ತ ತಿರುಗಿ, ಒಂದು ಸಾಲನ್ನು ಇನ್ನಷ್ಟು ನೇರ ಮಾಡಿದಳು. ಅವತ್ತಿನಿಂದ ಅಪ್ಪ ಕೋಣೆಯಲ್ಲಿ ಒಬ್ಬರೇ ಕೂತು ಉಣ್ಣತೊಡಗಿದರು.

ನಾಲ್ಕನೇ ಅಧ್ಯಾಯ ಪೂರ್ತಿ ಆಗಲಿಲ್ಲ. ಕೊನೆಯ ಮೂರು ದಿನ ಉಳಿದಾಗ ಅಮ್ಮ ಹೆಂಗಸರ ಕಾರ್ಡುಗಳನ್ನೆಲ್ಲ ಎತ್ತಿ ಬದಿಗಿಟ್ಟು, ಅಚ್ಚಾದ ತೀರ್ಪುಗಳಿಂದಲೇ ಏನೋ ಒಂದಷ್ಟು ಪುಟ ಬರೆದು ಟೈಪಿಂಗಿಗೆ ಕೊಟ್ಟಳು. ಗೈಡ್ ಅದನ್ನು ಓದಿ, ಇಷ್ಟು ಸಾಕು ಅಂದರಂತೆ. ಡಿಗ್ರಿ ಬಂತು. ಕಾಲೇಜಿನಲ್ಲಿ ಹಾರ ಹಾಕಿದರು. ಮುಂದೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳ ವಿಷಯಕ್ಕೆ ಎಲ್ಲಿಲ್ಲದ ಬೆಲೆ ಬಂದು, ಡೆಲ್ಲಿ, ಕೊಚ್ಚಿ ಎಂದು ಸೆಮಿನಾರುಗಳಿಗೆ ಕರೆಯತೊಡಗಿದರು. ಹೋಗಿ ಮಾತಾಡಿ ಬರುತ್ತಿದ್ದಳು. ನಾರಿನ ಹೆಂಗಸರ ಬಗ್ಗೆ ಮಾತ್ರ ಎಲ್ಲೂ ಬರೆಯಲಿಲ್ಲ. ಆ ದಾರಿ ನನಗೆ ಒಂದೇ ಸಲ ಕಂಡಿತ್ತು ಎನ್ನುತ್ತಿದ್ದಳು. ನಾನು ಬಿ.ಎ. ಮುಗಿಸಿ, ಮದುವೆಯಾಗಿ, ಮನೆಯಲ್ಲೇ ಇರುತ್ತೇನೆಂದಾಗ ಅವಳಿಗೆ ಸರಿಬರಲಿಲ್ಲ. ಆ ಇಪ್ಪತ್ತು ದಿನ ನನ್ನನ್ನು ಅಡುಗೆಮನೆಗೆ ಕಟ್ಟಿಹಾಕಿತು ಎಂದೇ ಅವಳ ನಂಬಿಕೆ. ನನಗೆ ಅಲ್ಲಿ ಇಷ್ಟವಾಗಿತ್ತು ಎಂದು ಎಷ್ಟು ಸಲ ಹೇಳಿದರೂ ಅದನ್ನು ಅವಳು ನನ್ನ ಒಳ್ಳೆಯತನ ಎಂದುಕೊಳ್ಳುತ್ತಾಳೆ. ಈಗಲೂ ಮಕ್ಕಳ ಮೇಜನ್ನು ನಾನು ಜೋಡಿಸುವುದಿಲ್ಲ. ಎಷ್ಟು ಚೆಲ್ಲಾಪಿಲ್ಲಿಯಾಗಿದ್ದರೂ ಸುತ್ತಲಿನ ಧೂಳನ್ನಷ್ಟೇ ಒರೆಸುತ್ತೇನೆ.

ಆದರೆ ಪ್ರಬಂಧ ಕೊಟ್ಟ ಮಾರನೇ ದಿನದ ಸಂಗತಿ ಹೇಳಬೇಕು. ಅಮ್ಮ ನನ್ನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಚೇಳೂರಿಗೆ ಹೋದಳು. ಅಜ್ಜಿ ಬಾಗಿಲಲ್ಲೇ ಇದ್ದಳು. ಅಮ್ಮ ಕಾಲು ಮುಟ್ಟಿ, "ಬನ್ನಿ ಅತ್ತೆ, ಮನೆಗೆ ಹೋಗೋಣ. ನನ್ನದು ತಪ್ಪಾಯ್ತು," ಎಂದಳು. ಬಸ್ಸಿನಲ್ಲಿ ಅವಳ ತುಟಿ ಆ ಮಾತನ್ನೇ ಹೇಳಿಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೆ.

"ಆಯ್ತಾ ಬರ್ದಿದ್ದು?"

"ಆಯ್ತು. ನಿನ್ನೆ ಕೊಟ್ಟೆ."

"ಒಳ್ಳೇದಾಯ್ತು. ಒಳಗ್ ಬನ್ನಿ, ಕೂತ್ಕಳಿ."

ಹೊರಗಿನಿಂದ ಬಂದವರಿಗೆ ಹಾಕುವ ಕುರ್ಚಿಯನ್ನು ಅಜ್ಜಿ ಸೆರಗಿನಿಂದ ಒರೆಸಿದಳು. ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡು, ಬಡವಾಗಿದೀಯ ಎಂದು ಕೆನ್ನೆ ಸವರಿದಳು. ಬೆಳ್ಳಿ ಲೋಟದಲ್ಲಿ ಅಮ್ಮನಿಗೆ ಕಾಫಿ ಬಂತು. ಕುಡಿದಾದ ಮೇಲೆ ಅಮ್ಮ ಲೋಟ ತೊಳೆಯಲು ಎದ್ದು ಅಡುಗೆಮನೆಯ ಕಡೆ ಹೊರಟಾಗ ಅಜ್ಜಿ ಮೆಲ್ಲಗೆ ಅಡ್ಡ ಬಂದು, "ಇಡಿ, ಅಲ್ಲೇ ಇಡಿ. ಬಂದೋರು ಒಳಗ್ಯಾಕೆ," ಎಂದಳು. ಅಮ್ಮ ಲೋಟ ಹಿಡಿದು ನಡುವೆಯೇ ನಿಂತಳು. ಇನ್ನೊಂದು ಸಲ, "ಬನ್ನಿ ಅತ್ತೆ," ಎಂದಳು. ಅಜ್ಜಿ, "ನಂಗ್ ಇಲ್ಲೇ ಹೊಂದ್ಕಂಡದೆ ಕಣವ್ವ," ಎಂದು ಒಳಗೆ ಹೋಗಿ, ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ, ತೆಂಗಿನಕಾಯಿ ತಂದು ನೆಂಟರಿಗೆ ಕೊಡುವ ಹಾಗೆ ಅಮ್ಮನ ಸೆರಗಿಗೆ ಹಾಕಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ಅಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಗುಬ್ಬಿಯಲ್ಲಿ ತುಮಕೂರಿನ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆವು. ಅಮ್ಮ ಸೆರಗಿನ ಗಂಟನ್ನು ಬಿಚ್ಚಿರಲಿಲ್ಲ. ಒಂದು ಬಸ್ಸು ಬಂದು ತುಂಬಿಕೊಂಡು ಹೋಯಿತು, ನಾವು ಏಳಲಿಲ್ಲ. ಆಮೇಲೆ ಅಮ್ಮ, ನನ್ನ ಕಡೆ ನೋಡದೆ, ಕೇಳಿದಳು:

"ಸುಧಾ, ದಿನಾ ಎಷ್ಟು ಪಾವು ಅಕ್ಕಿ ಹಾಕ್ತೀಯ?"

"ಎರಡು," ಎಂದೆ. ಆ ಇಪ್ಪತ್ತು ದಿನವೂ ನಾನು ನಾಲ್ಕು ಜನಕ್ಕೆಂದೇ ಅಳೆದಿದ್ದೆ. ಉಳಿದದ್ದನ್ನು ಬೆಳಿಗ್ಗೆ ಯಾರೂ ನೋಡುವ ಮೊದಲು ಬೀದಿಯ ಹಸುವಿಗೆ ಹಾಕಿಬರುತ್ತಿದ್ದೆ.

"ನಾಳೆಯಿಂದ ಒಂದೂವರೆ ಹಾಕು," ಎಂದಳು ಅಮ್ಮ.